ನೊರೆ ಬಾರದ ಪುಡಿ

ಗಜ್ಜರಿ ತುರಿಯೋ ಮಣೆಯಲ್ಲೇ
ಹಳದಿ ಸೋಪು ತುರಿದೆ. ಬೈಯಬೇಡ,
ನಾಳೆ ಹಲ್ವದಲ್ಲಿ ನೊರೆ ಎದ್ದರೆ.

ವಾಷಿಂಗ್ ಸೋಡ ಅರ್ಧ ಕೇಜಿ,
ಪುಡಿ ಉಪ್ಪು ಒಂದು ಹಿಡಿ,
ಮೂಗಿಗೆ ಸೆರಗು ಬಿಗಿದು ಕಲೆಸಿ
ಉಪ್ಪಿನಕಾಯಿ ಜಾಡಿಗೆ ತುಂಬಿದೆ.
ತಿಂಗಳಿಗೆ ತೊಂಬತ್ತಾರು ರೂಪಾಯಿ ಉಳಿತಾಯ,
ಕ್ಯಾಲೆಂಡರಿನ ಹಿಂದೆ ಬರೆದಿದ್ದೇನೆ, ನೋಡು.

"ನೊರೆನೇ ಇಲ್ವಲ್ಲೇ ಖೈರುನ್!"
ನಲ್ಲಿ ಹತ್ತಿರ ನಕ್ಕಳು ದುರುಗಮ್ಮ.
ನೊರೆ ಜಾಲಿಸೋಕೆ ಇನ್ನೆರಡು ಕೊಡ ನೀರು
ಯಾರು ಕೊಡ್ತಾರೆ, ಅಂದೆ.

ದಾವಣಗೆರೆಯ ಭಟ್ಟಿ ಮಸಿ ಬಿಟ್ಟಿತು,
ಕಾಲರಿನದು ಮಾತ್ರ ಕೂತೇ ಇದೆ.
ಪಾಕೀಟಿನ ಮಲ್ಲಿಗೆ ವಾಸನೆಯೂ ಇಲ್ಲ.

ಒಣಗಿದ ಅಂಗಿ ಮಡಚುವಾಗ
ಮೂಗಿಗೆ ಹತ್ತಿತು
ಬಿಸಿ ಮರಳು, ಆಗಷ್ಟೇ ಅರಳಿದ ಮಂಡಕ್ಕಿ.
ಇಷ್ಟು ವರ್ಷ
ದುಡ್ಡು ಕೊಟ್ಟು
ನಿನ್ನನ್ನೇ ತೊಳೆದು ಹಾಕುತ್ತಿದ್ದೆನಲ್ಲ.