ಅರವತ್ತನೆಯ ದಿನ

ಮುಹರ್ರಕ್‌ನ ಹಳೇ ಓಣಿ. ಎ.ಸಿ. ಗೊರಕೆ ಹೊಡೆಯುವ ಕೋಣೆ.
ಮುತ್ತಿನ ಸಾಹುಕಾರನೊಬ್ಬನ ಲೆಕ್ಕದ ಪುಸ್ತಕಗಳನ್ನು
ಎಕ್ಸೆಲ್‌ಗೆ ಏರಿಸುವುದು ನನ್ನ ಕೆಲಸ.
ಜುಮಾ ಮಾಮ ಭೂತಗನ್ನಡಿ ಹಿಡಿದು ಓದುತ್ತಾರೆ,
ಹುಳ ತಿಂದ ಜಾಗ ಬಂದರೆ ಸುಮ್ಮನಾಗುತ್ತಾರೆ.
ಹಿಜ್ರಿಯನ್ನು ಇಂಗ್ಲಿಷ್ ಕ್ಯಾಲೆಂಡರಿಗೆ ತಿರುಗಿಸಿ
ನಾನು ಕುಟ್ಟುತ್ತೇನೆ.

ಕಾಲಂನ ತಲೆಗೆ ಏನು ಬರೆಯಲಿ ಎಂದೆ.
ತಾರೀಖ್, ಅಂದರು ಬದ್ರಿಯಾ ಮೇಡಂ.
ಅದು ನಮ್ಮದೇ ಮಾತಲ್ಲವೇ ಎಂದುಕೊಂಡೆ.
ಇತಿಹಾಸಕ್ಕೂ ನಾವು ಹಾಗೇ ಅನ್ನುತ್ತೇವೆ, ಅಂತ ನಕ್ಕರು.
ನನಗೆ ಅಷ್ಟು ದೊಡ್ಡದು ಬೇಕಿರಲಿಲ್ಲ,
ಒಂದು ಕಾಲಂ ಸಾಕಿತ್ತು.

ಚೌಕಾಬಾರದಂಥ ಈ ಮನೆಗಳಲ್ಲಿ
ಸಾವಿರದ ಒಂಬೈನೂರಕ್ಕೆ ಹಿಂದಿನ ದಿನಗಳೆಲ್ಲ
ಎಡಗೋಡೆಗೆ ಒರಗಿ ಕೂರುತ್ತವೆ,
ಈಚಿನವು ಬಲಕ್ಕೆ.
ಅದಕ್ಕೂ ಹಿಂದೆ ಯಂತ್ರದ ಪಾಲಿಗೆ ಕಾಲವಿಲ್ಲ,
ಬರೀ ಅಕ್ಷರ.
ಸಾಲ ಹಿಡಿದ ದಿನವನ್ನು ಮುಳುಗಿದ ದಿನದಿಂದ ಕಳೆದರೆ
ಎಷ್ಟು ವರ್ಷ ಎಂದು ಹೇಳುವುದಿಲ್ಲ.
ಬೆಲೆ ತಪ್ಪಿದೆ ಎನ್ನುತ್ತದೆ.

ನನ್ನ ಹುಟ್ಟಿದ ದಿನ ಹಾಕಿ ನೋಡಿದೆ ಒಮ್ಮೆ:
ಜೂನ್ ಒಂದು, ಎಪ್ಪತ್ತೆಂಟು.
ಗಂಗೊಳ್ಳಿ ಶಾಲೆಯ ಅಚ್ಯುತ ಮಾಸ್ತರು
ಒಂದನೇ ಕ್ಲಾಸಿನ ಎಲ್ಲರಿಗೂ ಹಂಚಿದ ದಿನ ಅದು.
ಅಮ್ಮನ ಪ್ರಕಾರ ನಾನು ಹುಟ್ಟಿದ್ದು
ನೂಲುಹುಣ್ಣಿಮೆಯ ಮರುದಿನ,
ಮಳೆಗಾಲ ಮುಗಿದು ಮೊದಲ ದೋಣಿ ಇಳಿದ ಹೊತ್ತು.
ಯಂತ್ರ ಮಾಸ್ತರನ್ನೇ ನಂಬಿತು.
ಇಪ್ಪತ್ತೆಂಟು ಸಾವಿರದ ಆರುನೂರ ನಲವತ್ತೆರಡು ಎಂದು
ಬಲಗೋಡೆಗೆ ಕೂರಿಸಿತು.

ಮರ್ಜೂಕ್ ಬಿನ್ ಫರಜ್, ಮುಳುಗುವವನು.
ಅಕ್ಕಿ ಎರಡು ಮೂಟೆ, ಖರ್ಜೂರ ಒಂದು ಬುಟ್ಟಿ,
ಕೈಗಡ ಹನ್ನೊಂದು ರೂಪಾಯಿ.
(ಹೌದು, ರೂಪಾಯಿ. ಆಗ ಇಲ್ಲಿಯೂ ಅದೇ ಓಡುತ್ತಿತ್ತು.)
ಆಮೇಲೆ ಜುಮಾ ಮಾಮ ಒಂದು ಪದ ಓದಿದರು: ಬಾಕಿ.
ಅದನ್ನು ಯಾರೂ ಅನುವಾದಿಸಬೇಕಾಗಲಿಲ್ಲ.
ಮೀನಿನ ದಲ್ಲಾಳಿ ನಮ್ಮ ಜಗಲಿಯಲ್ಲಿ ನಿಂತು
ಅಪ್ಪನಿಗೆ ಹೇಳುತ್ತಿದ್ದ ಅದೇ ದನಿ.

ತೊಂಬತ್ತೆಂಟರ ಬೇಸಗೆಯಲ್ಲಿ ಮರ್ಜೂಕ್ ಮೇಲೆ ಬರಲಿಲ್ಲ.
ಅಕ್ಷರವಾಗಿ ಎಡಕ್ಕೆ ಒರಗಿದ.
ಕೆಳಗಿನ ಸಾಲು: ಅಂಬರ್ ಬಿನ್ ಮರ್ಜೂಕ್.
ಮಗ ಬಲಗಡೆ, ಮೂರು ತಾರೀಖುಗಳಲ್ಲಿ.
ಸಾಲ ಮಾತ್ರ ಇಬ್ಬರಲ್ಲೂ ಬಲಕ್ಕೇ ಇದೆ,
ಕೂಡಿಸು ಎಂದರೆ ತಕರಾರಿಲ್ಲದೆ ಕೂಡುತ್ತದೆ.

ಈಗ ಆ ಅರವತ್ತನೆಯ ದಿನದ ವಿಷಯ.
ಸಾವಿರದ ಒಂಬೈನೂರರ ಫೆಬ್ರವರಿಗೆ ಇಪ್ಪತ್ತೆಂಟೇ ದಿನ.
ಈ ಹಾಳೆಯಲ್ಲಿ ಇಪ್ಪತ್ತೊಂಬತ್ತೂ ಇದೆ.
ಹಿಂದೆ ಯಾರದೋ ಕೈ ತಪ್ಪಿತ್ತಂತೆ,
ಹಳೇ ಲೆಕ್ಕ ಕೆಡಬಾರದೆಂದು ಮುಂದಿನವರು
ತಪ್ಪನ್ನೇ ವಹಿಸಿಕೊಂಡರಂತೆ.
ಶವ್ವಾಲ್ ಇಪ್ಪತ್ತೇಳಕ್ಕೂ ಇಪ್ಪತ್ತೆಂಟಕ್ಕೂ ನಡುವೆ
ಚಂದ್ರ ಕಾಣದ ಒಂದು ಇಡೀ ಹಗಲು.

ಗುರುವಾರ ಸಂಜೆ. ಮೇಡಂ ಹೊರಟಿದ್ದರು.
ಜುಮಾ ಮಾಮ ಚಹಾಕ್ಕೆ ಏಲಕ್ಕಿ ಜಜ್ಜುತ್ತಿದ್ದರು.
ಅಂಬರನ ಹೆಸರಿನ ಕೆಳಗೆ ಒಂದು ಸಾಲು ಸೇರಿಸಿದೆ,
ಇಪ್ಪತ್ತೊಂಬತ್ತು, ಎರಡು, ಸಾವಿರದ ಒಂಬೈನೂರು:
ಅಪ್ಪನದೂ ಮಗನದೂ ಪೂರ್ತಿ ಜಮಾ.
ಯಂತ್ರ ಒಪ್ಪಿಕೊಂಡಿತು.
ಬಾಕಿಯ ಮನೆಯಲ್ಲಿ ಸೊನ್ನೆ,
ಹೊಸ ಗಡಿಗೆಯ ಬಾಯಿಯ ಹಾಗೆ.

ನೋಡುತ್ತ ಕೂತೆ, ಎಷ್ಟು ಹೊತ್ತೋ.
ಲೋಟ ಇಟ್ಟ ಸದ್ದಾಯಿತು.
ಅಳಿಸಿದೆ. ಸೊನ್ನೆ ಇದ್ದಲ್ಲಿ
ನೂರ ನಲವತ್ತಮೂರು ಮತ್ತೆ ಬಂತು, ಬೇಸರವಿಲ್ಲದೆ.

ಮುಂದಿನದು ಓದಲಾ, ಅಂದರು ಮಾಮ.
ಓದಿ.
ಶವ್ವಾಲ್ ಇಪ್ಪತ್ತೆಂಟು. ಅಂಬರ್.
ಮೂಗಿಗೆ ಹಾಕುವ ಚಿಮಟಿ ಒಂದು, ಆಮೆಚಿಪ್ಪಿನದು.
ಬಾಕಿಗೆ ಸೇರಿಸಿ.