ಗೋಡೆಯ ವಿಷಯಕ್ಕೆ ಬಂದರೆ

ಬೈತಖೋಲದಲ್ಲಿ ಐಸ್ ಫ್ಯಾಕ್ಟರಿಯ ಹಿಂಗೋಡೆ,
ನಲವತ್ತಡಿ ಉದ್ದ, ಒಂಬತ್ತಡಿ ಎತ್ತರ.
ಇದರ ಮೇಲೆ ನಾನು ಬರೆಯದ ಪಕ್ಷವಿಲ್ಲ.
ಗಾಳಿಪಟಕ್ಕೆ ಬರೆದೆ, ಟಾರ್ಚಿಗೆ ಬರೆದೆ,
ಒಂದು ಸಲ ಹೊಲಿಗೆ ಯಂತ್ರಕ್ಕೆ. ಆ ಮನುಷ್ಯನಿಗೆ ಬಿದ್ದದ್ದು
ನೂರಾ ಹದಿನೇಳು ಮತ.
ದುಡ್ಡು ಪೂರ್ತಿ ಚುಕ್ತಾ ಮಾಡಿದವನು ಅವನೊಬ್ಬನೇ.

ನನ್ನ ಮತ ಯಾರಿಗೆಂದು ಕೇಳಬೇಡಿ.
ನನ್ನ ಅಭಿಪ್ರಾಯ ಅಡಿಗೆ ಹನ್ನೆರಡು ರೂಪಾಯಿ,
ನೆರಳು ಕೊಟ್ಟ ಅಕ್ಷರವಾದರೆ ಹದಿನೈದು.

ದಿನಾಂಕ ಘೋಷಣೆಯಾದ ಸಂಜೆಯೇ
ನಗರಸಭೆಯ ಪರಶು ಮಾಳ್ಸೇಕರ
ಬಕೆಟ್ಟು ಹಿಡಿದು ಬರುತ್ತಾನೆ.
ನೀತಿಸಂಹಿತೆ ಮಾರಾಯ, ನನ್ನ ತಪ್ಪಿಲ್ಲ, ಎನ್ನುತ್ತಾನೆ.
ನಾನು ಏಣಿ ಹಿಡಿಯುತ್ತೇನೆ, ಅವನು ಸುಣ್ಣ ಬಳಿಯುತ್ತಾನೆ.
ಕೋಡಿಬಾಗದಿಂದ ಬಿಣಗಾದವರೆಗೆ
ಗೋಡೆಗಳೆಲ್ಲ ಬಾಯಿ ಮುಚ್ಚಿಕೊಂಡು ನಿಲ್ಲುತ್ತವೆ.
ಮಾತೆಲ್ಲ ಫೋನಿನೊಳಗೆ ಹೋಗುತ್ತದೆ.

ಅಲ್ಲಿಗೆ ಸುಣ್ಣದವರು ಹೋಗುವುದಿಲ್ಲ.
ಹೋದರೆ ಗೋಡೆಯನ್ನೇ ಕೆಡವುತ್ತಾರೆ.

ಆ ಸಲ ಮೂರು ದಿನ ಇಂಟರ್ನೆಟ್ ಬಂದ್.
ಯಾವುದೋ ದೇಶದ ಹೆಣದ ಫೋಟೋ,
ಕೆಳಗೆ ನಮ್ಮೂರಿನ ಹೆಸರು.
ಬರೆದವನು ಸಿಗಲಿಲ್ಲ.
ಸಿಕ್ಕಿಬಿದ್ದವಳು ಮೀನು ಮಾರುವ ಶೇವಂತಿ ತಾಂಡೇಲ:
ಮಡಗಾಂವ ಹೋಟೆಲಿನ ದುಡ್ಡು ಫೋನಿಗೆ ಬೀಳಲಿಲ್ಲ,
ಎರಡು ಬುಟ್ಟಿ ಇಸವಾಣ
ಕಣ್ಣೆದುರೇ ಕಿವಿರು ಬಿಳಿಚಿ ಕೂತಿತು.
"ದೊಡ್ಡ ಮೀನು ಬೇಕಿದ್ದರೆ ದೊಡ್ಡ ಕಣ್ಣಿನ ಬಲೆ ಹಾಕಬೇಕು,
ಇವರು ಹಾಕಿದ್ದು ಸೊಳ್ಳೆಪರದೆ," ಎಂದಳು.

ನಮ್ಮ ಬಲೆಯ ಕಣ್ಣಿಗೆ ಅಳತೆಯಿದೆ,
ತಪ್ಪಿದರೆ ದಂಡವಿದೆ.
ಆ ಬಲೆಯ ಕಣ್ಣು ಅಳೆಯುವ ಪಟ್ಟಿ
ಯಾವ ಇಲಾಖೆಯ ಕಪಾಟಿನಲ್ಲಿದೆ?
ಇದನ್ನು ಗೋಡೆಗೇ ಬರೆಯಬೇಕೆಂದುಕೊಂಡೆ,
ಕೆಂಪಲ್ಲಿ, ನೆರಳು ಕೊಟ್ಟು.
ಬಿಲ್ಲು ಯಾರ ಹೆಸರಿಗೆ ಮಾಡಲಿ?

ಚಳಿಯಲ್ಲಿ ಒಬ್ಬ ಕಲಾವಿದೆ ಬಂದಳು, ಇರಾವತಿ ಪೋಕಳೆ,
ಬರೋಡದಲ್ಲಿ ಕಲಿತವಳಂತೆ.
ಮುನ್ನೂರು ಕಿಲೋ ಹರಿದ ಬಲೆ ಕೊಂಡು
ಅಲಿಗದ್ದಾದ ಮರಳಿನಲ್ಲಿ ಕಂಬ ನೆಟ್ಟು ತೂಗುಬಿಟ್ಟಳು,
ನಡುನಡುವೆ ಸತ್ತ ಮೊಬೈಲುಗಳು.
ಹೆಸರು: ಶೀರ್ಷಿಕೆಯಿಲ್ಲ, ನಾಲ್ಕು.
(ಒಂದು, ಎರಡು, ಮೂರು ಎಲ್ಲಿವೆಯೋ.)
ರಾತ್ರಿ ಯಾರೋ ಬಂದು
ಬಲೆಯ ಗಟ್ಟಿ ತುಂಡುಗಳನ್ನು ಕತ್ತರಿಸಿ ಒಯ್ದರು.
ಬೆಳಿಗ್ಗೆ ಅವಳು ನೋಡಿ ನಕ್ಕಳು, ಈಗ ಪೂರ್ತಿಯಾಯಿತು ಎಂದಳು.
ನಾನಾಗಿದ್ದರೆ ಠಾಣೆಗೆ ಹೋಗುತ್ತಿದ್ದೆ.

ನಿಮ್ಮದು ಏನಾದರೂ ತೋರಿಸಿ ಎಂದಳು.
ಕರೆದುಕೊಂಡು ಹೋದೆ. ಗೋಡೆ ತುಂಬ ಸುಣ್ಣ.
ಅದರ ಕೆಳಗೆ ಇಪ್ಪತ್ತೆರಡು ವರ್ಷ, ಎಂದೆ.
ಅವಳು ಹತ್ತು ನಿಮಿಷ ಸುಮ್ಮನೆ ನಿಂತಳು.
ಗೇಲಿಯೋ ಗೌರವವೋ
ಇವತ್ತಿಗೂ ಗೊತ್ತಾಗಿಲ್ಲ.

ಈಗ ಆಷಾಢ. ಉಪ್ಪುಗಾಳಿಗೆ
ಸುಣ್ಣ ಹಪ್ಪಳದಂತೆ ಏಳುತ್ತಿದೆ.
ಗಾಳಿಪಟದ ಬಾಲ ಹೊಲಿಗೆ ಯಂತ್ರದ ಸೂಜಿಗೆ ಪೋಣಿಸಿಕೊಂಡಿದೆ,
ಟಾರ್ಚು ಒಬ್ಬ ಅಭ್ಯರ್ಥಿಯ ಅರ್ಧ ಮೀಸೆಗೆ ಬೆಳಕು ಬಿಡುತ್ತಿದೆ,
ಸೋತವನ ಹೆಸರಿನ ಬಾಲಕ್ಕೆ
ಗೆದ್ದವನ "ಅವರಿಗೇ ನಿಮ್ಮ ಮತ".
ಇಷ್ಟು ಚೆಂದ ನಾನು ಬೇಕೆಂದು ಬರೆದದ್ದಿಲ್ಲ.

ಪರಶು ಕೊಡೆ ಹಿಡಿದು ಬಂದು ನೋಡಿದ. ಬಳಿಯಲೇ? ಎಂದ.
ಇರಲಿ ಬಿಡು ಎಂದೆ.
ಮೂಲೆಯಲ್ಲಿ ಸಹಿ ಹಾಕೋಣವೆಂದು ಬ್ರಶ್ಶು ತೆಗೆದೆ.
ಒದ್ದೆ ಗೋಡೆ, ಬಣ್ಣ ನಿಲ್ಲಲಿಲ್ಲ,
ನನ್ನ ಹೆಸರು ಇಳಿದು ಗಟಾರ ಸೇರಿತು.
ಒಣಗಲಿ ತಡಿ, ಎಂದ ಪರಶು.
ಈ ಗೋಡೆ ಒಣಗುವುದು ದೀಪಾವಳಿಗೆ.
ಅಷ್ಟರಲ್ಲಿ ನಗರಸಭೆಯ ಚುನಾವಣೆ.