ಬೆನ್ನಿಗೆ ಬಿಸಿಲು

ಕೊನ್ಯಾ ಬಯಲಿನ ಈ ಸ್ಟೇಷನ್ನಿಗೆ ನನ್ನನ್ನು ಹಾಕಿದಾಗ
ಒಪ್ಪಿಸಿಕೊಂಡ ಸಾಮಾನಿನ ಪಟ್ಟಿಯಲ್ಲಿ
ಎರಡು ಲಾಟೀನು, ಹಸಿರು ಬಾವುಟ ಒಂದು, ಕೆಂಪು ಒಂದು,
ಮುಳ್ಳು ಮುರಿದ ಗಡಿಯಾರ,
ಕೊನೆಗೆ ಪೆನ್ಸಿಲಿನಲ್ಲಿ: ಐರಿಸ್, ಹದಿನೇಳು ಬುಡ.

ಸಹಿ ಹಾಕಿದೆ. ಹೂವಿಗೂ ಲೆಕ್ಕ ಕೊಡಬೇಕಾದ ನೌಕರಿ
ಎಂದು ಯಾರೂ ಹೇಳಿರಲಿಲ್ಲ.

ಕಪ್ಪು ಸಮುದ್ರದ ಕಡೆಯವನು ನಾನು,
ಒಗೆದ ಅಂಗಿ ಮೂರು ದಿನವಾದರೂ ಒಣಗದ ಊರು.
ಇಲ್ಲಿ ಆಕಾಶ
ಬೋರಲು ಹಾಕಿದ ಖಾಲಿ ಬಾಣಲೆ.
ಬುಧವಾರಕ್ಕೊಮ್ಮೆ ಗೂಡ್ಸಿನ ಬಾಲ ಹಿಡಿದು
ನೀರಿನ ವ್ಯಾಗನ್ ಬರುತ್ತಿತ್ತು,
ಕುಡಿಯಲು, ಬೇಯಿಸಲು, ಮುಖಕ್ಕೆ.
ಅದರಲ್ಲೇ ಮಿಗಿಸಿ
ಸಂಜೆ ಸಂಜೆ ಬುಡಕ್ಕೊಂದು ಚೊಂಬು ಹೊಯ್ದೆ.
ಗೆಡ್ಡೆಗಳು ಬರಿಮೈಯಲ್ಲಿ ನೆಲದ ಮೇಲೆ ಬಿದ್ದಿದ್ದವು.
ನನಗೇ ನಾಚಿಕೆಯಾಗಿ ಮಣ್ಣು ಎಳೆದು ಮುಚ್ಚಿದೆ,
ಮಲಗಿದ ಮಗುವಿಗೆ ಕಂಬಳಿ ಹೊದಿಸುವ ಹಾಗೆ.

ಜುಲೈಯಲ್ಲಿ ವಾಸನೆ ಶುರುವಾಯಿತು.
ಕತ್ತಿಯಂಥ ಎಲೆ ಮುಟ್ಟಿದರೆ ಸಾಕು, ಕಳಚಿ ಕೈಗೆ ಬಂತು.
ಗೆಡ್ಡೆಯೊಳಗೆ ಹಳಸಿದ ಗಂಜಿ.

ಐದೂವರೆಯ ಪ್ಯಾಸೆಂಜರಿಗೆ ಮೊಸರು ಮಾರಲು
ಕತ್ತೆ ಹೊಡೆದುಕೊಂಡು ಬರುವ ಮ್ಯುರುವ್ವೆತ್
ಮೂಗು ಮುಚ್ಚಿ ನಿಂತಳು:
"ಹಿಲ್ಮಿ ಸಾಹೇಬರೇ, ಇವಕ್ಕೇನು ಜ್ವರ ಬಂದಿತ್ತೆ,
ನೀರು ಕುಡಿಸಿ ಕುಡಿಸಿ ಕಂಬಳಿ ಹೊದಿಸಿದ್ದೀರಿ?"

ಬುಟ್ಟಿ ಇಳಿಸಿದಳು. ಗಿಣ್ಣು ಕೊಯ್ಯುವ ಚಾಕುವಿನಿಂದ
ಕೊಳೆತದ್ದನ್ನು ಕೆತ್ತಿದಳು, ಗಟ್ಟಿ ಬಿಳುಪು ಕಾಣುವ ತನಕ.
ಗಾಯಕ್ಕೆ ನನ್ನ ಒಲೆಯ ಬೂದಿ.
ಎರಡು ದಿನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಅವು ಒಣಗಿದವು,
ಟಿಕೆಟ್ಟಿಲ್ಲದ ಪ್ರಯಾಣಿಕರ ಹಾಗೆ.
"ಕಾಲು ಮಣ್ಣಲ್ಲಿ, ಬೆನ್ನು ಬಿಸಿಲಲ್ಲಿ.
ಕೆರೆಯಲ್ಲಿ ಬಾತುಕೋಳಿ ಕೂತ ಹಾಗೆ ಕೂರಿಸಿ.
ಆಮೇಲೆ ನಿಮ್ಮ ಪಾಡಿಗೆ ನೀವು, ಅದರ ಪಾಡಿಗೆ ಅದು."
ಕೆರೆ ಎಂಬುದನ್ನು ಅವಳು ಕಂಡಿದ್ದಳೋ ಇಲ್ಲವೋ
ನಾನು ಕೇಳಲಿಲ್ಲ.

ಆರು ಉಳಿದವು.
ಪಟ್ಟಿಯಲ್ಲಿ ಹದಿನೇಳನ್ನು ಹೊಡೆದುಹಾಕುವ ಧೈರ್ಯವಾಗಲಿಲ್ಲ.

ಸುಮ್ಮನಿರುವುದು ಸುಲಭವಲ್ಲ.
ಸಂಜೆಯಾದರೆ ಕೈ ತಾನಾಗಿ ಚೊಂಬಿನ ಕಡೆ ನಡೆಯುತ್ತಿತ್ತು.
ಕೈಗೊಂದು ಕೆಲಸವಿರಲೆಂದು ಲಾಟೀನಿನ ಗಾಜು ಒರೆಸಿದೆ,
ಒರೆಸಿದ್ದನ್ನೇ ಒರೆಸಿದೆ.

ಎರಡನೆಯ ಮೇ ತಿಂಗಳು
ಮಸಿಯಲ್ಲಿ ಅದ್ದಿ ಹಿಂಡಿದ ಕಾಗದದಂಥ ಮೊಗ್ಗು.
ಬೆಳಗಾಗುವಷ್ಟರಲ್ಲಿ ಮೂರು ದಳ ಮೇಲೆದ್ದು, ಮೂರು ಜೋತು,
ಜೋತ ನಾಲಗೆಯ ಮೇಲೆ ಹಳದಿ ಗಡ್ಡ,
ಹತ್ತಿರ ಹೋದರೆ ಜಜ್ಜಿದ ದ್ರಾಕ್ಷಿಯ ಪರಿಮಳ.
ಆ ದಿನ ಎರಡು ನಿಮಿಷದ ನಿಲುಗಡೆಯನ್ನು
ನಾಲ್ಕು ಮಾಡಿದೆ.
ರಿಜಿಸ್ಟರಿನಲ್ಲಿ ಕಾರಣ: ಹಳಿಯ ಮೇಲೆ ಕುರಿ.

ಒಮ್ಮೆ ಹೂಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ,
ಪಕ್ಕದಲ್ಲಿ ಹುಟ್ಟಿದವಕ್ಕೆ ಜಾಗ ತೋರಿಸಿ
ಚಪ್ಪಟೆಯಾಗಿ, ಕಾರ್ಕಿನ ಹಾಗೆ ಹಗುರಾಗುತ್ತದೆ.
ನಾಲ್ಕು ವರ್ಷಕ್ಕೊಮ್ಮೆ ಆಗಸ್ಟಿನಲ್ಲಿ ಅಗೆದು,
ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ,
ನಡುವಿನ ಮುದಿಯನ್ನು ಬಿಸಾಡಿ ಎಂದಳು.
ಉಳಿದದ್ದನ್ನೆಲ್ಲ ಮಾಡಿದೆ.

ಮಿಕ್ಕ ಸಸಿಗಳನ್ನು ಸಿಮೆಂಟಿನ ಚೀಲಕ್ಕೆ ತುಂಬಿ
ಗೂಡ್ಸಿನ ಡ್ರೈವರ್ ಶೆರಾಫೆತ್ತಿನ್ ಕೈಗಿತ್ತೆ.
ಅವನು ಸ್ಟೇಷನ್ ಸ್ಟೇಷನ್ನಿಗೂ ಟಪಾಲಿನಂತೆ ಎಸೆಯುತ್ತ ಹೋದ.
ಮುಂದಿನ ವಸಂತಗಳಲ್ಲಿ ಸುದ್ದಿ ತಂದ:
ಉಪ್ಪಿನ ಸೈಡಿಂಗಿನಲ್ಲಿ ಬಿಟ್ಟಿದೆ, ಸೇತುವೆಯ ಕಾವಲಿನಲ್ಲಿ ಬಿಟ್ಟಿದೆ,
ಬೀಟ್ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಹೋತ ತಿಂದು ಕಕ್ಕಿದೆ.

ಆಮೇಲೆ ಪ್ಯಾಸೆಂಜರ್ ನಿಂತಿತು. ಮೊಸರು ನಿಂತಿತು.
ಪೈಪು ತರುತ್ತೇವೆಂದು ಹೇಳಿ ನೀರಿನ ವ್ಯಾಗನ್ನನ್ನೂ ನಿಲ್ಲಿಸಿದರು.
ಪೈಪು ಇನ್ನೂ ದಾರಿಯಲ್ಲಿದೆ.
ಐರಿಸ್‌ಗೆ ಇದೊಂದೂ ಗೊತ್ತಾಗಲಿಲ್ಲ.

ನಿನ್ನೆ ಶೆರಾಫೆತ್ತಿನ್ ಎಂಜಿನ್ನಿನಿಂದ ಬಗ್ಗಿ ಕೂಗಿದ:
ಸುರಂಗದ ಬಾಯಿಯ ಸ್ಟೇಷನ್ನಿಗೆ ಹೊಸ ಹುಡುಗ ಬಂದಿದ್ದಾನೆ,
ಎಲೆ ದಂಡಿಯಾಗಿದೆಯಂತೆ, ಮೂರು ವರ್ಷದಿಂದ ಹೂವಿಲ್ಲ,
ನೀರು ಹೊಯ್ದು ಹೊಯ್ದು ಅವನ ರಟ್ಟೆ ಬಿದ್ದಿದೆಯಂತೆ.

ಹಸಿರು ಬಾವುಟ ಎತ್ತಿದ್ದೆ, ಇಳಿಸಿದೆ.
ಕೆಂಪು ಹಿಡಿದು ಓಡಿದೆ, ಮಾತು ಮುಗಿಯುವ ತನಕ
ನಲವತ್ತು ವ್ಯಾಗನ್ ಕಲ್ಲಿದ್ದಲು ನಿಲ್ಲಲಿ:
"ಮಣ್ಣು ಕೆರೆಯಲು ಹೇಳು ಅವನಿಗೆ. ಬರಿ ಬೆರಳಲ್ಲಿ.
ಬೆನ್ನು ಕಾಣುವಷ್ಟು."